ಕತ್ತರಿಸಿದ ಅಕ್ಷರ, ಕಳಚಿದ ಒತ್ತು

ಕಳೆದ ರಾಜ್ಯೋತ್ಸವದ ಹೊತ್ತಿಗೆ ಜೋಗೇಶ್ವರಿಯಲ್ಲಿರುವ ನಾವು ಕೆಲವು ಮನೆಗಳವರು ಕೂಡಿ, ಊರಿನಲ್ಲಿರುವ ಹಿರಿಯರಿಗೆ ಕೈಯಿಂದಲೇ ಮಾಡಿದ ಶುಭಾಶಯ ಪತ್ರಗಳನ್ನು ಕಳುಹಿಸುವುದೆಂದು ನಿಶ್ಚಯಿಸಿದೆವು. ಕೈಕಾಗದದ ಪತ್ರ, ಅದರ ಮುಖದ ಮೇಲೆ ಕೆಂಪು ಕಾಗದದಲ್ಲಿ ಸಣ್ಣಗೆ ಕತ್ತರಿಸಿದ ಒಂದೇ ಒಂದು ಪದ: 'ಅಕ್ಕರೆ'. ಪದವನ್ನು ಲೇಸರ್ ಯಂತ್ರದವನಿಂದ ಕತ್ತರಿಸಿ ತಂದದ್ದಾಯಿತು. ಅಂಟಿಸಲು ಕುಳಿತಾಗ ಯಾರೋ ಫ್ಯಾನ್ ಹಾಕಿದರು. ಅಕ್ಷರಗಳೆಲ್ಲ ಮೇಜಿನಿಂದ ಹಾರಿದವು. ಆಯ್ದು ತಂದು ಅಂಟಿಸಿದ ಮೊದಲ ಪತ್ರವನ್ನು ಒಂಬತ್ತು ವರ್ಷದ ಹುಡುಗಿಯೊಬ್ಬಳ ಕೈಗಿತ್ತೆವು. ಅವಳು ಅದನ್ನು ಬೆರಳಿಟ್ಟು ಓದಿದಳು: "ಅಕರೆ." ಸರಿಯಾಗಿಯೇ ಓದಿದ್ದಳು. 'ಕ'ಕಾರದ ಒತ್ತು ಎಲ್ಲೋ ಕಪಾಟಿನ ಕೆಳಗೆ ಸೇರಿಕೊಂಡಿತ್ತು. ಅದು ತಪ್ಪೆಂದು ಅವಳಿಗೆ ತಿಳಿಯಲಿಲ್ಲ. ನಮ್ಮಲ್ಲಿಯೂ ಇಬ್ಬರಿಗೆ ಕೂಡಲೇ ತಿಳಿಯಲಿಲ್ಲ.

ಅದೇ ವಾರ ನಮ್ಮ ಕಟ್ಟಡದ ಮರಾಠಿ ನೆರೆಯವರು ತಮ್ಮ ಬಾಗಿಲಿಗೆ 'ಸ್ವಾಗತ' ಎಂಬ ಪದವನ್ನು ಕತ್ತರಿಸಿ ಅಂಟಿಸಿದ್ದರು. ದೇವನಾಗರಿಯಲ್ಲಿ ಅದು ಒಂದೇ ತುಂಡು; ಎರಡು ಬೆರಳಲ್ಲಿ ಎತ್ತಿ ಒಮ್ಮೆಗೇ ಒತ್ತಿದರೆ ಮುಗಿಯಿತು. ಅದೇ ಪದವನ್ನು ಕನ್ನಡದಲ್ಲಿ ಕತ್ತರಿಸಿದರೆ 'ಸಾ' ಒಂದು, ಅದರ ಕೆಳಗಿನ 'ವ'ಕಾರದ ಒತ್ತು ಒಂದು, 'ಗ' ಒಂದು, 'ತ' ಒಂದು, ಹೀಗೆ ನಾಲ್ಕು ತುಂಡು. ದೇವನಾಗರಿಯ ಶಿರೋರೇಖೆ ಅಕ್ಷರಗಳನ್ನು ಬಟ್ಟೆ ಒಣಹಾಕುವ ಹಗ್ಗದಂತೆ ಹಿಡಿದು ನಿಲ್ಲಿಸುತ್ತದೆ. ಅಲ್ಲಿಯೂ ಅನುಸ್ವಾರದ ಚುಕ್ಕೆ ಬಿಡಿಯಾಗಿ ಉದುರುತ್ತದೆ, 'ಭ', 'ಧ'ಗಳ ಬಳಿ ರೇಖೆ ತುಂಡಾಗುತ್ತದೆ ಎಂಬುದು ನಿಜ. ಆದರೆ ನಮ್ಮಲ್ಲಿ ತಲೆಕಟ್ಟು ಆಯಾ ಅಕ್ಷರಕ್ಕೆ ಮಾತ್ರ ಸೇರಿದ್ದು. ಪ್ರತಿ ಅಕ್ಷರವೂ ತನ್ನ ಛತ್ರಿಯ ಕೆಳಗೆ ತಾನೇ ನಿಂತಿದೆ. ಒತ್ತಕ್ಷರಕ್ಕಂತೂ ಛತ್ರಿಯೂ ಇಲ್ಲ. ಈ ಚಿಕ್ಕ ವ್ಯತ್ಯಾಸದ ಹಿಂದೆ ಒಂದು ದೊಡ್ಡ ಚರಿತ್ರೆ ಇದೆಯೆಂದು ಆ ಸಂಜೆಯ ಫಜೀತಿಯಿಂದಲೇ ನಮಗೆ ಹೊಳೆದದ್ದು.

ಕನ್ನಡದ ಅಕ್ಷರ ತನ್ನ ದೀರ್ಘ ಬಾಳಿನಲ್ಲಿ ಎಂದೂ ತನ್ನ ಭಾರವನ್ನು ತಾನೇ ಹೊತ್ತದ್ದಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವಿದೆ; ಅದರ ಕಾಲ ಶಕವರ್ಷ 500, ಅಂದರೆ ಕ್ರಿ.ಶ. 578. ಅಲ್ಲಿ ಅಕ್ಷರವೆಂದರೆ ಕಲ್ಲಿನಿಂದ ತೆಗೆದುಹಾಕಿದ ಭಾಗ. ಉಳಿದ ಬಂಡೆಯೇ ಅದನ್ನು ಕಾಯುತ್ತದೆ. ನಮ್ಮ ಜೋಗೇಶ್ವರಿಯ ಗುಹಾದೇವಾಲಯವೂ ಆರನೆಯ ಶತಮಾನದ್ದೇ. ಇಂದು ಸುತ್ತಲೂ ಮನೆಗಳು ಒತ್ತಿಕೊಂಡು, ಮಳೆಗಾಲದಲ್ಲಿ ನೀರು ಜಿನುಗುವ ಆ ಗುಹೆಯಲ್ಲಿ ಶಿಲ್ಪಗಳ ಮುಖಗಳು ಬಹುಮಟ್ಟಿಗೆ ಸವೆದುಹೋಗಿವೆ. ಆದರೂ ಕಂಬಗಳ ಸಾಲು ನಿಂತಿದೆ, ಏಕೆಂದರೆ ಕಂಬವನ್ನು ಯಾರೂ ತಂದು ನಿಲ್ಲಿಸಲಿಲ್ಲ; ಸುತ್ತಲಿನ ಬಂಡೆಯನ್ನು ಕಡಿದು ತೆಗೆದಾಗ ಉಳಿದದ್ದೇ ಕಂಬ. ಕಾಗದ ಕತ್ತರಿಸುವವನ ಕೆಲಸವೂ ಇದೇ: ಬೇಡದ್ದನ್ನು ತೆಗೆಯುವುದು. ಆದರೆ ಗುಹೆಯಲ್ಲಿ ಕಂಬದ ತಲೆಯೂ ಬುಡವೂ ಬೆಟ್ಟಕ್ಕೇ ಅಂಟಿಕೊಂಡಿವೆ. ಕಾಗದದ ಅಕ್ಷರಕ್ಕೆ ಬೆಟ್ಟವಿಲ್ಲ.

ಓಲೆಯ ಕಾಲದಲ್ಲಿಯೂ ಹಾಗೆಯೇ. ಕಂಠದಿಂದ ಗೀರಿದ ಅಕ್ಷರ ಎಲೆಯ ಮೈಯೊಳಗೇ ಇರುತ್ತದೆ. 'ಕರೆಯೋಲೆ' ಎಂಬ ನಮ್ಮ ಚೆಂದದ ಮಾತಿನಲ್ಲಿ ಕರೆಯೂ ಇದೆ, ಓಲೆಯೂ ಇದೆ. ಆಮಂತ್ರಣವು ಕಾಗದಕ್ಕೆ ಬಂದು ಎಷ್ಟೋ ಕಾಲವಾದ ಮೇಲೂ ಎಲೆ ಆ ಪದವನ್ನು ಬಿಟ್ಟುಹೋಗಿಲ್ಲ. ಇನ್ನು ಎಲೆಯನ್ನೇ ಕತ್ತರಿಸಿ ಆಕಾರ ತರುವ ವಿದ್ಯೆಯೂ ನಮ್ಮ ನಾಡಿಗೆ ಹೊಸದಲ್ಲ. ವಾತ್ಸ್ಯಾಯನನ ಕಾಮಸೂತ್ರದ ಅರವತ್ತನಾಲ್ಕು ಕಲೆಗಳಲ್ಲಿ 'ವಿಶೇಷಕಚ್ಛೇದ್ಯ' ಒಂದು. ಹಣೆಯ ಮೇಲಿಡುವ ತಿಲಕಕ್ಕಾಗಿ ಎಲೆಯನ್ನು ಚಿತ್ತಾರವಾಗಿ ಕತ್ತರಿಸುವುದು. ಮಥುರಾ-ವೃಂದಾವನಗಳ ಸಾಂಝಿಯಲ್ಲಿ ಕತ್ತರಿಸಿದ ಕಾಗದದ ಮೂಲಕ ಬಣ್ಣದ ಪುಡಿಯನ್ನು ಉದುರಿಸಿ ಕೃಷ್ಣನ ಲೀಲೆಗಳನ್ನು ಮೂಡಿಸುತ್ತಾರೆ. ನಮ್ಮ ಕರಾವಳಿಯ ಭೂತಾರಾಧನೆಯಲ್ಲಿ ಎಳೆಯ ತೆಂಗಿನಗರಿಯನ್ನು, ತುಳುವರು 'ಸಿರಿ' ಎನ್ನುವುದನ್ನು, ಸೀಳಿ ಕತ್ತರಿಸಿ ದೈವಕ್ಕೆ ಉಡಿಸುವ ಕೈಗಳ ಚಳಕ ಕಂಡವರೇ ಬಲ್ಲರು. ಆದರೆ ಇವೆಲ್ಲ ಹೂವು, ಬಳ್ಳಿ, ನವಿಲು, ಅಲಂಕಾರಗಳು. ಒಂದು ಎಸಳು ಉದುರಿದರೂ ಹೂವು ಹೂವೇ. ಅಕ್ಷರದ ಗತಿ ಹಾಗಲ್ಲ.

ಶುಭಾಶಯ ಪತ್ರಕ್ಕೂ ಕನ್ನಡದ ಮುದ್ರಣಕ್ಕೂ ಒಂದು ವಿಚಿತ್ರವಾದ ಸಮಾನ ವರ್ಷವಿದೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರತಂದನು. ಅದು ಕನ್ನಡದ ಮೊದಲ ವೃತ್ತಪತ್ರಿಕೆ, ಕಲ್ಲಚ್ಚಿನಲ್ಲಿ ಅಚ್ಚಾದದ್ದು. ಅದೇ ವರ್ಷದ ಕೊನೆಗೆ ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬಾತ ಚಿತ್ರಕಾರ ಜಾನ್ ಹಾರ್ಸ್ಲಿಯಿಂದ ಬರೆಯಿಸಿ ಮೊದಲ ಕ್ರಿಸ್ಮಸ್ ಶುಭಾಶಯ ಪತ್ರವನ್ನು ಮಾರಾಟಕ್ಕೆ ತಂದನು. ಸುಮಾರು 1,000 ಪ್ರತಿಗಳು, ಅವೂ ಕಲ್ಲಚ್ಚಿನವೇ, ಬಣ್ಣ ಮಾತ್ರ ಕೈಯಿಂದ ತುಂಬಿದ್ದು. ಮುಂದೆ ಆ ದೇಶಗಳಲ್ಲಿ ಪತ್ರಗಳಿಗೆ ಕಾಗದದ ಕಸೂತಿ ಬಂತು, ಅಚ್ಚಿನಿಂದ ಕತ್ತರಿಸಿದ ಹೂಗಳು, ದೇವತೆಗಳು ಬಂದವು. ಅಮೆರಿಕದ ವೂಸ್ಟರ್ ನಗರದಲ್ಲಿ ಎಸ್ತರ್ ಹೌಲೆಂಡ್ ಎಂಬಾಕೆ ಮನೆಯಲ್ಲಿಯೇ ಹೆಂಗಸರನ್ನು ಕೂಡಿಸಿ ಪ್ರೇಮಪತ್ರಗಳನ್ನು ಜೋಡಿಸುವ ಉದ್ಯಮ ನಡೆಸಿದಳು. ಅಲ್ಲಿ ಪದಗಳನ್ನೇ ಕತ್ತರಿಸಿ ಅಂಟಿಸುವ ರೂಢಿ ಬೆಳೆದಾಗ ಕೂಡುಬರಹ ನೆರವಿಗೆ ಬಂತು. ಒಂದರ ಬಾಲ ಇನ್ನೊಂದರ ಕೈಹಿಡಿದ ಇಂಗ್ಲಿಷ್ ಪದ ಒಂದೇ ಎಳೆಯಾಗಿ ಎದ್ದುಬರುತ್ತದೆ; 'ಐ' ಅಕ್ಷರದ ಚುಕ್ಕೆಯೊಂದೇ ಅವರ ತಲೆನೋವು. ನಮಗೆ ಪ್ರತಿ ಸಾಲಿನಲ್ಲಿ ಅಂಥ ಚುಕ್ಕೆಗಳು ಹತ್ತಾರು.

ಕಲ್ಲಚ್ಚಿನಲ್ಲಿ ಒತ್ತು ಕಳಚುವ ಭಯವಿರಲಿಲ್ಲ. ಬರೆದದ್ದು ಬರೆದಂತೆಯೇ ಕಲ್ಲಿಗೆ ಇಳಿಯುತ್ತಿತ್ತು. ಮುಂಬಯಿಯಲ್ಲಿ ಗಣಪತ ಕೃಷ್ಣಾಜಿ 1831ರಲ್ಲಿ ಪಂಚಾಂಗವನ್ನು ಅಚ್ಚು ಹಾಕಿದ್ದೂ ಕಲ್ಲಚ್ಚಿನಲ್ಲಿಯೇ. ತೊಡಕು ಹುಟ್ಟಿದ್ದು ಸೀಸದ ಅಚ್ಚುಮೊಳೆಯೊಡನೆ. 1817ರಲ್ಲಿ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದಾಗಿನಿಂದ 1894ರಲ್ಲಿ ಮಂಗಳೂರಿನಲ್ಲಿ ಕಿಟ್ಟೆಲ್ ನಿಘಂಟು ಹೊರಬರುವ ತನಕ, ಆ ಬಳಿಕವೂ, ಕನ್ನಡದ ಮೊಳೆ ಜೋಡಿಸುವವನ ಮುಂದೆ ನೂರಾರು ಖಾನೆಗಳಿದ್ದವು. ಅಕ್ಷರ ಒಂದು ಖಾನೆಯಲ್ಲಿ, ಒತ್ತು ಇನ್ನೊಂದರಲ್ಲಿ. ಒತ್ತಿನ ಮೊಳೆ ಸಣ್ಣದು, ಬೇಗ ಮುರಿಯುವುದು, ಬೇಗ ಕಳೆಯುವುದು. ಆದರೆ ಅಲ್ಲಿಯೂ ಆಧಾರವಿತ್ತು: ಚೌಕಟ್ಟಿನಲ್ಲಿ ಬಿಗಿದು ಕಟ್ಟಿದ ಪುಟದಲ್ಲಿ ಅಕ್ಕಪಕ್ಕದ ಮೊಳೆಗಳೇ ಒಂದನ್ನೊಂದು ಹಿಡಿದುಕೊಳ್ಳುತ್ತಿದ್ದವು. ಮುಂಬಯಿಯಲ್ಲಿ 1869ರಲ್ಲಿ ನಿರ್ಣಯಸಾಗರ ಮುದ್ರಣಾಲಯವನ್ನು ತೆರೆದ ಜಾವಜಿ ದಾದಾಜಿಯ ದೇವನಾಗರಿಗೆ ಇದರ ವಿಲೋಮವಾದ ಕಷ್ಟ: ಅಖಂಡವಾಗಿರಬೇಕಾದ ಶಿರೋರೇಖೆ ಮೊಳೆಮೊಳೆಗೂ ತುಂಡಾಗಿ, ಅದನ್ನು ಹೊಂದಿಸಿ ಕೂಡಿಸಬೇಕಿತ್ತು. ಅಂದರೆ ಸೀಸವು ದೇವನಾಗರಿಯನ್ನು ಬಿಡಿಸಿತು. ಕತ್ತರಿ ಅದನ್ನು ಮತ್ತೆ ಕೂಡಿಸಿತು. ನಮ್ಮ ಲಿಪಿಯನ್ನು ಎರಡೂ ಬಿಡಿಸಿದವು.

ಮುಂಬಯಿ ಕನ್ನಡಿಗರ ಬದುಕಿನಲ್ಲಿ ಕತ್ತರಿಸಿದ ಅಕ್ಷರಕ್ಕೆ ಒಂದು ಗೌರವದ ಸ್ಥಾನವಿತ್ತು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ, ಇವು ಹುಟ್ಟಿದ ನಗರವಿದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ತಿದ್ದಿದ ಹುಡುಗರ ನಗರವೂ ಹೌದು. ಆ ಬಳಗದ ನಾಟಕ, ಯಕ್ಷಗಾನ, ವಾರ್ಷಿಕೋತ್ಸವಗಳ ವೇದಿಕೆಯ ಹಿಂದಿನ ಪರದೆಯ ಮೇಲೆ ಥರ್ಮೋಕೋಲಿನ ಅಕ್ಷರಗಳು ಏರುತ್ತಿದ್ದುದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಹಿಂದಿನ ರಾತ್ರಿ ಬ್ಲೇಡಿನಿಂದ ಕೊರೆದು, ಬೇಗಡೆ ಕಾಗದ ಹೊದಿಸಿ, ಪರದೆಗೆ ಗುಂಡುಸೂಜಿಯಿಂದ ಚುಚ್ಚುವುದು. ಮೊದಲು ಅಕ್ಷರಗಳು, ಒತ್ತುಗಳು ಕೊನೆಗೆ. ಆ ಕೊನೆಯ ಕೆಲಸವನ್ನು ಕನ್ನಡ ಚೆನ್ನಾಗಿ ಬಲ್ಲವರಿಗೇ ಬಿಡುತ್ತಿದ್ದರು, ಯಾಕೆಂದರೆ ಯಾವ ಒತ್ತು ಯಾವ ಅಕ್ಷರದ ಅಡಿಗೆ ಎಂಬುದು ತಿಳಿದಿರಬೇಕಲ್ಲ! 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ಕಿನೊಡನೆ ಅಲಂಕಾರದ ಥರ್ಮೋಕೋಲನ್ನೂ ನಿಷೇಧಿಸಿತು. ಪರಿಸರದ ದೃಷ್ಟಿಯಿಂದ ಅದು ಯೋಗ್ಯವಾದ ಕ್ರಮವೇ. ಆದರೆ ಅದಕ್ಕೆ ಮುಂಚೆಯೇ ಅಚ್ಚಾದ ಬ್ಯಾನರುಗಳು ವೇದಿಕೆಯನ್ನು ಹಿಡಿದಿದ್ದವು. ಒತ್ತು ಚುಚ್ಚುವವರು ಆಗಲೇ ಕೆಲಸ ಕಳೆದುಕೊಂಡಿದ್ದರು.

ಆಮಂತ್ರಣ ಪತ್ರಗಳ ಕಥೆ ಇನ್ನೊಂದು ಬಗೆ. ಗಿರ್‌ಗಾಂವದ ಅಂಗಡಿಗಳಲ್ಲಿ ಕತ್ತರಿಸಿದ ಗಣಪತಿ, ಕತ್ತರಿಸಿದ ನವಿಲು, ದೇವನಾಗರಿಯ ಪದಗಳು ಸಿದ್ಧವಾಗಿ ಸಿಗುತ್ತವೆ. ಕನ್ನಡದ ಒಕ್ಕಣೆಯನ್ನು ಒಳಗೆ ಅಚ್ಚು ಹಾಕಿಸಿಕೊಳ್ಳುವ ನಮ್ಮವರು ಮುಖಪುಟಕ್ಕೆ ಅಂಗಡಿಯಲ್ಲಿ ಇದ್ದುದನ್ನೇ ಆರಿಸುತ್ತಾರೆ. ಪತ್ರವೊಂದರ ಮೇಲೆ ಯಾವ ಅಕ್ಷರ ಇರಬೇಕು, ಯಾವ ಹೆಸರು ಇರಬೇಕು ಎಂಬುದು ಸಣ್ಣ ಸಂಗತಿಯಲ್ಲ. ಜಯಂತ ಕಾಯ್ಕಿಣಿಯವರ 'ನೋ ಪ್ರೆಸೆಂಟ್ಸ್ ಪ್ಲೀಸ್' ಕಥೆಯಲ್ಲಿ ಈ ನಗರದ ಇಬ್ಬರು ತರುಣರು ತಮ್ಮ ಮದುವೆಯ ಪತ್ರದ ಒಕ್ಕಣೆಯ ಮುಂದೆ ನಿಂತಾಗ ಅವರ ಇಡೀ ಬದುಕೇ ಪ್ರಶ್ನೆಯಾಗುತ್ತದೆ.

ಗಣಕಯಂತ್ರ ಬಂದ ಮೇಲೆ ಎಲ್ಲವೂ ಸುಲಭವಾಗಬೇಕಿತ್ತು. ಕನ್ನಡದ ಅಕ್ಷರವನ್ನು ಗಣಕಕ್ಕೆ ಒಗ್ಗಿಸಿದ ಸಾಹಸದಲ್ಲಿ ಮುಂಬಯಿಯ ಪಾಲು ದೊಡ್ಡದು. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಈ ನಗರದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಟಾಟಾ ಪ್ರೆಸ್ಸಿನಲ್ಲಿಯೂ ದುಡಿದವರು. ಇಂದು ನಾವು ಕನ್ನಡ ಬೆರಳಚ್ಚಿಸುವ ಕೀಲಿಮಣೆಯ ವಿನ್ಯಾಸ ಅವರದು. ವಿಂಡೋಸ್ ಎಕ್ಸ್‌ಪಿಯೊಡನೆ 2001ರಲ್ಲಿ ಮನೆಮನೆಗೆ ಬಂದ 'ತುಂಗಾ' ಎಂಬ ಕನ್ನಡ ಅಕ್ಷರಶೈಲಿ ರೂಪುಗೊಂಡದ್ದು ಮರಾಠಿಯ ಕವಿ, ಸುಲೇಖಕಾರ ರ. ಕೃ. ಜೋಶಿಯವರ ನಿರ್ದೇಶನದಲ್ಲಿ. ಅವರು ಆಗ ಕೆಲಸ ಮಾಡುತ್ತಿದ್ದ ಸಂಸ್ಥೆ ಇದ್ದದ್ದು ಜುಹುವಿನಲ್ಲಿ, ನಮ್ಮ ಜೋಗೇಶ್ವರಿಯಿಂದ ಕೂಗಳತೆಗಿಂತ ತುಸು ದೂರದಲ್ಲಿ. ಗಣಕದ ಪರದೆಯ ಮೇಲೆ ಒತ್ತು ತನ್ನ ಸ್ಥಾನಕ್ಕೆ ತಾನೇ ಬಂದು ನಿಲ್ಲುತ್ತದೆ. ಕಂಡುಹಿಡಿದವರಿಗೆ ನಮಸ್ಕಾರ. ಆದರೆ ಲೇಸರ್ ಯಂತ್ರಕ್ಕೆ ಓದು ಬಾರದು. ಅದು ಗೆರೆಯನ್ನು ಮಾತ್ರ ಬಲ್ಲದು, ಗೆರೆಯಿದ್ದಲ್ಲಿ ಸುಡುತ್ತದೆ. ಸುಟ್ಟ ಮೇಲೆ ಒತ್ತು ಮತ್ತೆ ಅನಾಥ.

ಹಾಗಾದರೆ ಮಾಡುವುದೇನು? ಮೊದಲ ದಾರಿ, ಅಕ್ಷರಕ್ಕೂ ಒತ್ತಿಗೂ ನಡುವೆ ಸಣ್ಣದೊಂದು ಸೇತುವೆ ಉಳಿಸಿ ಕತ್ತರಿಸುವುದು. ತುಂಡು ಒಂದೇ ಆಗುತ್ತದೆ, ಆದರೆ ಅಕ್ಷರದ ಚೆಲುವು ಕೆಡುತ್ತದೆ. ನಮ್ಮ 'ಕ್ಕ' ಯಾವುದೋ ಅಪರಿಚಿತ ಲಿಪಿಯ ಅಕ್ಷರದಂತೆ ಕಂಡಿತು. ಎರಡನೆಯದು, ಕತ್ತರಿಸಿ ಉಳಿದ ಹೊರಕಾಗದವನ್ನು ಎಸೆಯದೆ ಪತ್ರದ ಮೇಲಿಟ್ಟು, ಅದರ ತೂತುಗಳಲ್ಲಿ ಒಂದೊಂದೇ ತುಂಡನ್ನು ಚಿಮುಟದಿಂದ ಕೂರಿಸುವುದು. ಇದು ಗುಹೆಯ ನ್ಯಾಯ: ತೆಗೆದುಹಾಕಿದ ಭಾಗವೇ ಉಳಿದ ಭಾಗಕ್ಕೆ ದಾರಿ ತೋರಿಸುತ್ತದೆ. ಮೂರನೆಯದು, ಮೆತ್ತಗೆ ಅಂಟುವ ಟೇಪಿನಿಂದ ಇಡೀ ಪದವನ್ನು ಮುಖದ ಕಡೆಯಿಂದ ಎತ್ತಿ, ಬೆನ್ನಿಗೆ ಅಂಟು ತಾಕಿಸಿ, ಪತ್ರದ ಮೇಲೊತ್ತಿ, ಟೇಪನ್ನು ನಿಧಾನವಾಗಿ ಸುಲಿಯುವುದು.

ಅಂಟಿನದೂ ಒಂದು ಚರಿತ್ರೆ. ನಮ್ಮ ಅಜ್ಜಂದಿರು ಲಕೋಟೆಯನ್ನು ಅನ್ನದ ಅಗುಳಿನಿಂದ ಅಂಟಿಸಿದರು. ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಹುಳು ಬೀಳದಂತೆ ಮೈಲುತುತ್ತು ಬೆರೆಸಿದರು. 1959ರಲ್ಲಿ ಬಂದ ಫೆವಿಕಾಲ್ ಇವೆಲ್ಲವನ್ನೂ ಮೂಲೆಗೆ ಸರಿಸಿತು. ಆದರೆ ಕೂದಲೆಳೆಯಂಥ ಕಾಗದಕ್ಕೆ ನೀರಿನಂಶವಿರುವ ಯಾವ ಅಂಟೂ ಧಾರಾಳವಾಗಿ ಸಲ್ಲದು. ನೀರು ತಾಗಿದೊಡನೆ ನಾರುಗಳು ಉಬ್ಬಿ ಅಕ್ಷರ ಸೊಟ್ಟಗಾಗುತ್ತದೆ. ಮುಂಬಯಿಯ ತೇವದ ಗಾಳಿಯಲ್ಲಿ ಕೇಳುವುದೇ ಬೇಡ. ಸ್ಪಂಜಿಗೆ ಅಂಟನ್ನು ತೆಳುವಾಗಿ ಸವರಿ, ಅದರ ಮೇಲೆ ಅಕ್ಷರವನ್ನು ಒಮ್ಮೆ ತಾಕಿಸಿ ಎತ್ತುವುದು ಮೇಲು. ಅದಕ್ಕಿಂತ ಮೇಲು, ಕತ್ತರಿಸುವ ಮೊದಲೇ ಕಾಗದದ ಬೆನ್ನಿಗೆ ಎರಡೂ ಕಡೆ ಅಂಟುವ ಹಾಳೆಯನ್ನು ಹಚ್ಚಿಸುವುದು. ಅಂಟಿಸಿದ ಮೇಲೆ ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ. ನಾವು ಇಟ್ಟದ್ದು ನಿಘಂಟಿನ ಸಂಪುಟವನ್ನು. ಅದು ಬೇರೆ ಯಾವುದಕ್ಕೂ ಕೆಳಗಿಳಿಯದೆ ವರ್ಷವಾಗಿತ್ತೆಂದು ಒಪ್ಪಿಕೊಳ್ಳುವುದೇ ಲೇಸು.

ಒತ್ತಿಲ್ಲದ ಪದವನ್ನೇ ಆರಿಸಿದರಾಯಿತಲ್ಲ, 'ಶುಭಾಶಯ' ಎಂದರೆ ಸಾಲದೆ, ಎಂದು ನಮ್ಮಲ್ಲೊಬ್ಬರು ಕೇಳಿದರು. ಕೇಳಿದ್ದು ವ್ಯವಹಾರದ ಮಾತೇ. ಆದರೆ ಅಮ್ಮ, ಅಪ್ಪ, ಅಕ್ಕ, ತಮ್ಮ, ಅಜ್ಜ, ಅಜ್ಜಿ, ಅಣ್ಣ, ಕನ್ನಡ: ನಮಗೆ ಬೇಕಾದವರೆಲ್ಲ ಒತ್ತಿನ ಮೇಲೆಯೇ ನಿಂತಿದ್ದಾರೆ. ಯಂತ್ರಕ್ಕೆ ಅನುಕೂಲವೆಂದು ಇವರನ್ನು ಬಿಡುತ್ತ ಹೋದರೆ ಕೊನೆಗೆ ಪತ್ರ ಉಳಿದೀತು, ಅದನ್ನು ಕಳುಹಿಸಬೇಕಾದ ವಿಳಾಸ ಉಳಿಯದು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡಿ, ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿಗಳನ್ನು ಕಲಿಯುವ ನಮ್ಮ ಮಕ್ಕಳು ಮೊದಲು ಕಳೆದುಕೊಳ್ಳುವುದು ಒತ್ತನ್ನೇ. ಬಾಯಲ್ಲಿ 'ಅಕ್ಕ' ಸರಿಯಾಗಿಯೇ ಇರುತ್ತಾಳೆ. ಬರೆದಾಗ 'ಅಕ' ಆಗುತ್ತಾಳೆ.

ಆದ್ದರಿಂದ 'ಅಕ್ಕರೆ'ಯನ್ನು ಬಿಡಲಿಲ್ಲ. ಮರುಭಾನುವಾರ ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ ಮತ್ತೆ ಕುಳಿತೆವು. ಹಳೆಯ ಮಿಠಾಯಿ ಡಬ್ಬಿಯೊಂದಕ್ಕೆ ರಟ್ಟಿನ ಅಡ್ಡಗೋಡೆಗಳನ್ನು ಹಾಕಿ ಕ ಒತ್ತು, ಮ ಒತ್ತು, ನ ಒತ್ತು ಎಂದು ಖಾನೆ ಮಾಡಿದೆವು. ಮುಂದೆ ಬೇರೆ ಪದಗಳನ್ನೂ ಮಾಡಬೇಕಲ್ಲ. ದೊಡ್ಡವರು ಅಕ್ಷರ ಅಂಟಿಸುವುದು, ಒತ್ತುಗಳನ್ನು ಮಕ್ಕಳು ಕೇಳಿ ಪಡೆದು ಕೂರಿಸುವುದು ಎಂದಾಯಿತು. ಆ ಒಂಬತ್ತು ವರ್ಷದ ಹುಡುಗಿ ಹದಿನೇಳು ಪತ್ರಗಳಿಗೆ ಒತ್ತು ಹಾಕಿದಳು. ಮೂರು ಸೊಟ್ಟಗಿದ್ದವು, ಒಂದು ತಲೆಕೆಳಗಾಗಿತ್ತು. ತಲೆಕೆಳಗಾದದ್ದನ್ನು ಅವಳೇ ನೋಡಿ, "ಇದು ಕ ಒತ್ತು ಅಲ್ಲ" ಎಂದು ಉಗುರಿನಿಂದ ಕಿತ್ತು ತಿರುಗಿಸಿ ಹಚ್ಚಿದಳು. ಕಿತ್ತ ಜಾಗದಲ್ಲಿ ಕಾಗದ ಸ್ವಲ್ಪ ಜುಂಗುಜುಂಗಾಯಿತು. ಆ ಪತ್ರವನ್ನು ಅವಳ ಊರಿನ ಅಜ್ಜಿಗೇ ಕಳುಹಿಸಿದೆವು.