ಓಟದ ನೆಲಕ್ಕೆ ಹಣ ಕೊಟ್ಟವರು ಯಾರು?

ವಿದ್ಯಾರ್ಥಿ ಮಿತ್ರರೇ, ಮೋಟಾರು ಪಂದ್ಯಗಳ ಬಗ್ಗೆ ಸ್ಟುಡಿಯೋದಲ್ಲಿ ಮಾತುಕತೆ ನಡೆದಾಗಲೆಲ್ಲ ನಿಮ್ಮ ವಯಸ್ಸಿನವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಆ ಕಾರಿನ ಬೆಲೆ ಎಷ್ಟು ಸಾರ್?’ ತಿರುವಿನಲ್ಲಿ ನಿಂತ ಆಂಬುಲೆನ್ಸಿನ ಬಾಡಿಗೆ ಯಾರು ಕೊಟ್ಟರೆಂದು ಇದುವರೆಗೆ ಯಾರೂ ಕೇಳಿಲ್ಲ. ಕಾರು ಅದರ ಒಡೆಯನದು, ಖರ್ಚೂ ಅವನದೇ. ಪಂದ್ಯ ಮಾತ್ರ ಕ್ಲಬ್ಬಿನದು. ಹವ್ಯಾಸಿಗಳು ಕಟ್ಟಿಕೊಂಡ ಕ್ಲಬ್ಬೊಂದು ದಿವಾಳಿಯಾಗದೆ ಒಂದು ಭಾನುವಾರದ ಪಂದ್ಯವನ್ನು ನಡೆಸುವುದು ಹೇಗೆ? ಇದಕ್ಕೊಂದು ಚರಿತ್ರೆ ಇದೆ.

ಮೊದಲು ಒಂದು ಲೆಕ್ಕ. ನಾನು ವಿಜ್ಞಾನ ಓದಿದವನು, ಲೆಕ್ಕವಿಲ್ಲದೆ ನನಗೆ ಸಮಾಧಾನವಾಗದು. ನೆಲದ ಬಾಡಿಗೆ, ವಿಮೆ, ಆಂಬುಲೆನ್ಸ್, ಬೆಂಕಿ ಆರಿಸುವ ವ್ಯವಸ್ಥೆ ಎಲ್ಲ ಸೇರಿ 1,00,000 ರೂಪಾಯಿ ಎಂದಿಟ್ಟುಕೊಳ್ಳಿ. ಪ್ರವೇಶ ಶುಲ್ಕ ತಲಾ 2,000. ಐವತ್ತು ಮಂದಿ ಬಂದರೆ ಲೆಕ್ಕ ಸರಿಹೋಯಿತು. ನಲವತ್ತೇ ಮಂದಿ ಬಂದರೆ 20,000 ನಷ್ಟ. ಹತ್ತು ಮಂದಿ ಕಡಿಮೆಯಾದರೆಂದು ಆಂಬುಲೆನ್ಸಿನ ಐದರಲ್ಲಿ ಒಂದು ಪಾಲನ್ನು ಹಿಂದಕ್ಕೆ ಕಳುಹಿಸಲಾಗುವುದಿಲ್ಲವಷ್ಟೆ. ಶುಲ್ಕವನ್ನು 2,500ಕ್ಕೆ ಏರಿಸಿದರೆ ಆ ನಲವತ್ತರಲ್ಲೂ ಕೆಲವರು ಮನೆಯಲ್ಲೇ ಉಳಿಯುತ್ತಾರೆ. ಹಾಗಾಗಿ ಜನ ಬರಲಿ ಬಿಡಲಿ ತೆರಲೇಬೇಕಾದ ಖರ್ಚು ಚಿಕ್ಕದಾಗಿರಬೇಕು. ಅದರಲ್ಲಿ ಎಲ್ಲಕ್ಕಿಂತ ಭಾರವಾದದ್ದು ನೆಲ.

ಆ ಭಾರವನ್ನು ಒಬ್ಬನೇ ಹೊತ್ತರೆ ಏನಾಗುತ್ತದೆಂಬುದನ್ನು ಇಂಗ್ಲೆಂಡಿನ ಹ್ಯೂ ಲಾಕ್ ಕಿಂಗ್ ಎಂಬ ಜಮೀನುದಾರರು ಕಂಡುಕೊಂಡರು. ಅವರು ತಮ್ಮ ಎಸ್ಟೇಟಿನಲ್ಲೇ ಕಾಂಕ್ರೀಟಿನ ಬ್ರೂಕ್‌ಲ್ಯಾಂಡ್ಸ್ ಓಟಪಥವನ್ನು ಕಟ್ಟಿಸಿ 1907ರಲ್ಲಿ ತೆರೆದರು. ಖರ್ಚಾದದ್ದು ಸುಮಾರು ಒಂದೂವರೆ ಲಕ್ಷ ಪೌಂಡು. ಸಾಲದಿಂದ ಅವರನ್ನು ಉಳಿಸಲು ಪತ್ನಿ ಎಥೆಲ್ ಮುಂದಾಗಬೇಕಾಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಆ ನೆಲ ವಿಮಾನ ತಯಾರಿಕೆಗೆ ಹೋಯಿತು; 1946ರಲ್ಲಿ ವಿಕರ್ಸ್ ಕಂಪನಿಗೆ ಮಾರಾಟವಾಯಿತು.

ಅಚ್ಚರಿಯ ಮಾತೆಂದರೆ, ಪಥವನ್ನು ಕಿತ್ತುಕೊಂಡ ಯುದ್ಧವೇ ಹತ್ತಾರು ಪಥಗಳನ್ನು ಬಿಟ್ಟುಹೋಯಿತು. ಬಾಂಬರ್ ವಿಮಾನಗಳಿಗೆಂದು ಸರ್ಕಾರ ಹಾಸಿದ್ದ ಕಾಂಕ್ರೀಟು ಇಂಗ್ಲೆಂಡಿನ ಹೊಲಗಳ ನಡುವೆ ಸುಮ್ಮನೆ ಬಿದ್ದಿತ್ತು. ಸಿಲ್ವರ್‌ಸ್ಟೋನ್ ಅಂಥದೊಂದು ತಾಣ. 1947ರಲ್ಲಿ ಕೆಲವು ಗೆಳೆಯರು ಯಾರ ಅನುಮತಿಯನ್ನೂ ಕೇಳದೆ ಅಲ್ಲಿ ಕಾರು ಓಡಿಸಿದರು. ಒಂದು ಕಾರು ಮೇಯುತ್ತಿದ್ದ ಕುರಿಗೆ ಬಡಿಯಿತು, ಕುರಿ ಸತ್ತಿತು. ಆ ಓಟಕ್ಕೆ ‘ಮಟನ್ ಗ್ರಾಂಡ್ ಪ್ರಿ’ ಎಂಬ ಅಡ್ಡಹೆಸರು ಅಂಟಿಕೊಂಡಿತು! ಮರುವರ್ಷವೇ ರಾಯಲ್ ಆಟೋಮೊಬೈಲ್ ಕ್ಲಬ್ ಆ ನೆಲವನ್ನು ಗುತ್ತಿಗೆಗೆ ಪಡೆದು, ಒಣಹುಲ್ಲಿನ ಪೆಂಡಿಗಳನ್ನು ಜೋಡಿಸಿ, ದೊಡ್ಡ ಪಂದ್ಯವನ್ನೇ ನಡೆಸಿತು.

ನೆಲ ಅಗ್ಗವಾಯಿತು, ಕಾರು? ಬ್ರಿಟನ್ನಿನಲ್ಲಿ ಪೆಟ್ರೋಲ್ ಪಡಿತರ ಮುಗಿದದ್ದೇ 1950ರ ಮೇ ತಿಂಗಳಲ್ಲಿ. 1939ರಲ್ಲಿ ಹುಟ್ಟಿದ್ದ 750 ಮೋಟಾರ್ ಕ್ಲಬ್ ಇಲ್ಲಿ ಜಾಣತನ ತೋರಿತು. ಹಳೆಯ ಆಸ್ಟಿನ್ ಸೆವೆನ್ ಎಂಬ 747 ಸಿಸಿ ಪುಟ್ಟ ಕಾರಿನ ಭಾಗಗಳನ್ನೇ ಆಧಾರವಾಗಿಟ್ಟುಕೊಂಡು ಸ್ಪರ್ಧಿಸಬೇಕೆಂಬ ನಿಯಮ ಮಾಡಿತು. ಹಣವಂತ ಎಷ್ಟು ಸುರಿದರೂ ಆಸ್ಟಿನ್ ಆಸ್ಟಿನ್ನೇ. ಈ ಬೇಲಿಯೊಳಗೂ ಒಬ್ಬ ಯುವಕ ದಾರಿ ಹುಡುಕಿದ. ಆ ಎಂಜಿನ್ನಿನಲ್ಲಿ ಎರಡೆರಡು ಸಿಲಿಂಡರುಗಳಿಗೆ ಒಂದೇ ಒಳದ್ವಾರವಿತ್ತು. ಅವನು ಅವುಗಳನ್ನು ಸೀಳಿ ಪ್ರತಿ ಸಿಲಿಂಡರಿಗೂ ಬೇರೆ ಉಸಿರು ಕೊಟ್ಟ. 1951ರಲ್ಲಿ ಉಳಿದವರನ್ನೆಲ್ಲ ಹಿಂದೆ ಹಾಕಿದ. ಕ್ಲಬ್ಬು ಆ ತಂತ್ರವನ್ನು ನಿಷೇಧಿಸಿತು. ಆ ಯುವಕ ಕಾಲಿನ್ ಚಾಪ್ಮನ್, ಮುಂದೆ ಫಾರ್ಮುಲಾ ಒನ್ನಿನಲ್ಲಿ ಹೆಸರಾದ ಲೋಟಸ್ ಸಂಸ್ಥೆಯ ಸ್ಥಾಪಕ. ನಿಷೇಧ ಅನ್ಯಾಯವೆಂದು ನಿಮಗನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಅದನ್ನು ಬಿಟ್ಟಿದ್ದರೆ ಉಳಿದವರೂ ಅದೇ ಕೆಲಸಕ್ಕೆ ದುಡ್ಡು ಸುರಿಯಬೇಕಾಗುತ್ತಿತ್ತು, ಆಗದವರು ಬಿಟ್ಟುಹೋಗುತ್ತಿದ್ದರು. ಐವತ್ತು ನಲವತ್ತಾಗುವುದು ಹೀಗೆಯೇ.

ಲೆಕ್ಕದ ಪುಸ್ತಕಕ್ಕೆ ಬಾರದ ಇನ್ನೊಂದು ಬಾಬ್ತು ದುಡಿಮೆ. ತಿರುವುಗಳಲ್ಲಿ ಬಾವುಟ ಹಿಡಿದು ಮಳೆಯಲ್ಲಿ ನೆನೆಯುವ ಮಾರ್ಷಲ್, ಗಡಿಯಾರ ನೋಡುವವರು, ಕಾರು ತಪಾಸಣೆ ಮಾಡುವವರು ಹೆಚ್ಚಿನ ಮಟ್ಟಿಗೆ ಸಂಬಳವಿಲ್ಲದ ಸ್ವಯಂಸೇವಕರು. ಇವರಿಗೆಲ್ಲ ದಿನಗೂಲಿ ಕೊಡಬೇಕೆಂದರೆ ಮೇಲಿನ ನಮ್ಮ ಲೆಕ್ಕ ಅಲ್ಲೇ ಕುಸಿಯುತ್ತದೆ. ಆದರೆ ಸುರಕ್ಷತೆಯನ್ನು ಸ್ವಯಂಸೇವೆಯೊಂದರಿಂದಲೇ ಸಾಧಿಸಲಾಗದು. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ಸ್‌ನಲ್ಲಿ ಕಾರೊಂದು ಜನರ ಮೇಲೆ ಸಿಡಿದು ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಆ ದುರಂತದ ನಂತರ ಸ್ವಿಟ್ಜರ್ಲೆಂಡ್ ಇಂಥ ಪಂದ್ಯಗಳನ್ನೇ ನಿಷೇಧಿಸಿತು. ಪ್ರೇಕ್ಷಕರ ಮುಂದೆ ಹುಲ್ಲಿನ ಪೆಂಡಿ ಇಟ್ಟರೆ ಸಾಕೆಂಬ ಕಾಲ ಮುಗಿಯುತ್ತ ಬಂದಿತ್ತು. ತಡೆಗೋಡೆ, ಬೇಲಿ, ವಿಮೆ ಖರ್ಚಿನ ಪಟ್ಟಿಯಲ್ಲಿ ಮೇಲೇರಿದವು.

ನಮ್ಮ ನೆರೆಯ ಕಥೆಯೂ ಇದೇ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರಲ್ಲಿ ಹುಟ್ಟಿತು. ಅದು ಪಂದ್ಯ ನಡೆಸಿದ ಶೋಲಾವರಂ, ನಗರದ ಉತ್ತರಕ್ಕಿದ್ದ ಯುದ್ಧಕಾಲದ ವಿಮಾನ ಪಟ್ಟಿ. ಬೆಂಗಳೂರಿನ ಹವ್ಯಾಸಿಗಳೂ ಅಲ್ಲಿಗೆ ಹೋಗುತ್ತಿದ್ದರು. ಆದರೆ ಎರವಲು ನೆಲ ಎಷ್ಟು ದಿನ? ಕೊನೆಗೆ ಕ್ಲಬ್ಬು ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟೈನಲ್ಲಿ ಸ್ವಂತ ಪಥ ಕಟ್ಟಿ 1990ರಲ್ಲಿ ತೆರೆಯಿತು. ಸಿಲ್ವರ್‌ಸ್ಟೋನನ್ನೂ ಅಲ್ಲಿನ ಓಟಗಾರರ ಕ್ಲಬ್ಬು 1971ರಲ್ಲಿ ಕೊಂಡುಕೊಂಡಿತ್ತು. ಸ್ವಂತ ಮನೆಯಾದ ಮೇಲೆ ಸುಣ್ಣಬಣ್ಣದ ಖರ್ಚೂ ಸ್ವಂತದ್ದೇ. ಪಂದ್ಯವಿಲ್ಲದ ದಿನಗಳಲ್ಲಿ ವಾಹನ ಪರೀಕ್ಷೆಗೆ, ತರಬೇತಿಗೆ ಪಥವನ್ನು ಬಾಡಿಗೆಗೆ ಕೊಟ್ಟು ಇಂಥ ಖರ್ಚನ್ನು ತೂಗಿಸಬೇಕಾಗುತ್ತದೆ.

ಕರ್ನಾಟಕದ ಕ್ಲಬ್ಬುಗಳಿಗೆ ಹೆಚ್ಚು ಒಗ್ಗಿದ್ದು ರ‍್ಯಾಲಿ. ಇಲ್ಲಿ ಪಥ ಕಟ್ಟುವ ಗೊಡವೆಯಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿ ಸಾಕು, ಮಾಲೀಕರು ಒಪ್ಪಬೇಕು ಅಷ್ಟೆ. ಆದರೆ ಅಲ್ಲಿ ದಾರಿ ಕಿಲೋಮೀಟರುಗಟ್ಟಲೆ ಚೆಲ್ಲಿಕೊಂಡಿರುತ್ತದೆ. ತೋಟದ ಒಂದೊಂದು ಅಡ್ಡದಾರಿಯಲ್ಲೂ ಬೆಳಗಿನ ಜಾವದಿಂದ ಒಬ್ಬರು ಕಾವಲು ನಿಲ್ಲಬೇಕು. ಅವರಿಗೆ ತಿಂಡಿಯ ಪೊಟ್ಟಣ ತಲುಪಿಸಲು ಇನ್ನೊಂದು ಜೀಪು ಓಡಬೇಕು.