ಭೀಮಾ-ಕೃಷ್ಣೆಯರ ನಡುವಣ ನಾಲ್ಕು ತಾಲೂಕುಗಳಲ್ಲಿ ದೂರವಾಣಿಯ ಪ್ರಸಾರ

ಅಮೇರಿಕೆಯ ಪ್ರಾದೇಶಿಕ ದೂರವಾಣಿ ಕಂಪನಿಗಳ ಬೆಳವಣಿಗೆಯನ್ನು ವ್ಯಾಪಾರಸಾಹಸದ ಕಥೆಯಾಗಿ ಹೇಳುವುದು ರೂಢಿ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೆ ದೂರವಾಣಿಯನ್ನು ತಂದುದು ಅಂತಹ ಕಂಪನಿಯಲ್ಲ, ಸರ್ಕಾರದ ಇಲಾಖೆ. ಈ ಭೇದದ ಅರ್ಥವೇನೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಬಯಸುತ್ತೇವೆ.

ಭಾರತದಲ್ಲಿ ದೂರವಾಣಿಯು 1882ರಲ್ಲಿ ಕಲಕತ್ತ, ಮುಂಬಯಿ, ಮದರಾಸುಗಳಲ್ಲಿ ಖಾಸಗಿ ಕಂಪನಿಯ ಮೂಲಕವೇ ಆರಂಭವಾಯಿತು. ಆದರೆ ಕಂಪನಿಗಳ ಬಂಡವಾಳವು ಮಹಾನಗರಗಳನ್ನು ಬಿಟ್ಟು ಒಳನಾಡಿಗೆ ಬರಲಿಲ್ಲ. 1943ರಲ್ಲಿ ಆ ಮೂರು ನಗರಗಳ ವ್ಯವಸ್ಥೆಯನ್ನೂ ಸರ್ಕಾರವೇ ವಹಿಸಿಕೊಂಡಿತು. ಮುಂಬಯಿ ಆಡಳಿತದಲ್ಲಿದ್ದ ಈ ತಾಲೂಕುಗಳು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದಾಗಲೂ ತಂತಿ, ದೂರವಾಣಿಗಳೆರಡೂ ಅಂಚೆ-ತಂತಿ ಇಲಾಖೆಯ ಕೈಯಲ್ಲಿಯೇ ಇದ್ದುವು.

ಪ್ರದೇಶದ ಸ್ವರೂಪವೂ ಗಮನಾರ್ಹ. ಅಂದು ತಂತಿಯ ಕಂಬಗಳು ರೈಲುಹಾದಿಯ ಜೊತೆಯಲ್ಲಿ ಸಾಗುತ್ತಿದ್ದುವು. ಹೋಟಗಿ-ಗದಗ ಮಾರ್ಗವು ಇಂಡಿ, ಬಾಗೇವಾಡಿ ತಾಲೂಕುಗಳನ್ನು ಹಾದುಹೋಯಿತು. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳು ಅದರಿಂದ ದೂರ ಉಳಿದುವು. ಬೇಸಗೆಯ ಬಿಸಿಲು, ಎರೆಭೂಮಿಯ ಧೂಳು, ನಂಬಲಾಗದ ವಿದ್ಯುತ್ತು ಇವು ಮೂರೂ ಯಂತ್ರಕ್ಕೆ ಪ್ರತಿಕೂಲ. ವಿದೇಶಿ ವಿನಿಮಯ ಕೇಂದ್ರಗಳು ತಂಪುಗೊಳಿಸಿದ ಕೋಣೆಯನ್ನು ಬೇಡುತ್ತಿದ್ದುವು.

ಈ ತೊಡಕಿಗೆ ಪರಿಹಾರವು ಕರ್ನಾಟಕದ ನೆಲದಲ್ಲಿಯೇ ಮೊದಲು ಪರೀಕ್ಷೆಗೊಳಗಾಯಿತೆಂಬುದು ಸ್ಮರಣೀಯ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ 128 ಮಾರ್ಗಗಳ ಗ್ರಾಮೀಣ ವಿನಿಮಯ ಕೇಂದ್ರವು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಅದಕ್ಕೆ ತಂಪಿನ ಕೋಣೆ ಬೇಕಿರಲಿಲ್ಲ. ಬಯಲುಸೀಮೆಯ ಸಣ್ಣ ಊರುಗಳಿಗೆ ತಕ್ಕ ಯಂತ್ರವದು.

ಹೀಗೆ ಹಬ್ಬಿದ ಜಾಲದ ಗುರುತುಗಳೇ ಸ್ಥಳಸಂಕೇತಗಳು: ಮುದ್ದೇಬಿಹಾಳಕ್ಕೆ 08356, ಬಸವನ ಬಾಗೇವಾಡಿಗೆ 08358, ಇಂಡಿಗೆ 08359, ಸಿಂದಗಿಗೆ 08488. ಅಮೇರಿಕೆಯಲ್ಲಿ ಕಂಪನಿಯ ಸೀಮೆಯನ್ನು ಬಂಡವಾಳವು ಗೆರೆಯೆಳೆದರೆ, ಇಲ್ಲಿ ಇಲಾಖೆಯು ಶುಲ್ಕವಲಯಗಳಾಗಿ ನಾಡನ್ನು ವಿಂಗಡಿಸಿತು. ದುಡಿಮೆಗಾಗಿ ಗೋವೆ, ಮಹಾರಾಷ್ಟ್ರಗಳಿಗೆ ಹೋಗುವ ಕುಟುಂಬಗಳ ಪಾಲಿಗೆ ಈ ಅಂಕಿಗಳು ಊರಿನ ಬಾಗಿಲೇ ಆಗಿದ್ದುವು.

ಹಾಗೆಂದು ಇಲಾಖೆಯನ್ನು ಕೊಂಡಾಡಿ ಕಂಪನಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಇಲಾಖೆಯ ಕಾಲದಲ್ಲಿ ಸಂಪರ್ಕಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಗಿದ್ದುದು ದೇಶಕ್ಕೆಲ್ಲ ತಿಳಿದುದೇ. ಅತ್ತ ಅಮೇರಿಕೆಯಲ್ಲಿ, ಬೆಲ್ಲನ ಪೇಟೆಂಟುಗಳು 1894ರ ವೇಳೆಗೆ ಮುಗಿದ ಬಳಿಕ ರೈತರೇ ಸಹಕಾರದಿಂದ ತಂತಿಯೆಳೆದರು. ಆದರೂ 1949ರಲ್ಲಿ ಗ್ರಾಮೀಣ ದೂರವಾಣಿಗೆ ಸರ್ಕಾರದ ಸಾಲ ನೀಡುವ ಶಾಸನವು ಅಲ್ಲಿಯೂ ಅವಶ್ಯವಾಯಿತು.

2000ದಲ್ಲಿ ಇಲಾಖೆಯ ಸೇವೆಯು ಬಿ.ಎಸ್.ಎನ್.ಎಲ್. ಆಯಿತು, ಮೊಬೈಲು ಹರಡಿದಂತೆ ಸ್ಥಿರ ದೂರವಾಣಿ ಹಿಂದೆ ಸರಿಯಿತು. ಆದರೆ 2002ರಲ್ಲಿ ಸಾರ್ವತ್ರಿಕ ಸೇವಾನಿಧಿಯನ್ನು ಏರ್ಪಡಿಸಬೇಕಾಗಿ ಬಂದುದು ಹಳೆಯ ಪ್ರಶ್ನೆಯ ಪುನರುಕ್ತಿಯೇ ಸರಿ. ಜನವಿರಳವಾದ ಊರಿಗೆ ಲಾಭದ ಲೆಕ್ಕವೊಂದರಿಂದಲೇ ಸಂಪರ್ಕ ಒದಗದು. ಅದರ ವೆಚ್ಚವನ್ನು ಸಮಾಜವೂ ಹೊರಬೇಕೆಂಬುದೇ ಎರಡೂ ದೇಶಗಳ ಇತಿಹಾಸದಿಂದ ಹೊರಡುವ ನಿರ್ಣಯವೆಂದು ನಾವು ಭಾವಿಸುತ್ತೇವೆ.