ಎರಡು ಹಂತದ ಏತ ನೀರಾವರಿಗೆ ಪಿಎಲ್‌ಸಿ: ಮೆಮೊರಿ, ವಿಳಾಸ ಮತ್ತು ಪ್ರೋಗ್ರಾಂ ರಚನೆ

ಭದ್ರಾ ಮೇಲ್ದಂಡೆ ಯೋಜನೆಗೆ ನಿಗದಿಯಾದ ನೀರು 29.90 ಟಿಎಂಸಿ. ಅದರಲ್ಲಿ 17.40 ಟಿಎಂಸಿಯನ್ನು ತುಂಗೆಯಿಂದ ಭದ್ರೆಗೆ ಎತ್ತಬೇಕು. ಭದ್ರಾ ಜಲಾಶಯದಿಂದ ಮುಂದಕ್ಕೆ ತರೀಕೆರೆ ತಾಲ್ಲೂಕಿನ ಶಾಂತಿಪುರ ಮತ್ತು ಬೆಟ್ಟದತಾವರೆಕೆರೆಯ ಪಂಪ್‌ಹೌಸ್‌ಗಳು ಎರಡು ಹಂತಗಳಲ್ಲಿ ನೀರನ್ನು ಮೇಲೆತ್ತಿ ಅಜ್ಜಂಪುರದ ಸುರಂಗದತ್ತ ಬಿಡುತ್ತವೆ. ಇಂಥ ಏತದಲ್ಲಿ ಮೇಲಿನ ಪಂಪು ನಿಂತು ಕೆಳಗಿನದು ಓಡುತ್ತಲೇ ಇದ್ದರೆ ನಡುವಿನ ಕಾಲುವೆ ಉಕ್ಕುತ್ತದೆ. ಹಾಗಾಗದಂತೆ ಕಾಯುವ ಪಿಎಲ್‌ಸಿ (ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್) ಹೇಗೆ ನಡೆಯುತ್ತದೆ ಎಂಬುದನ್ನು ಈ ನೀರಿನ ದಾರಿಯನ್ನೇ ಮಾದರಿಯಾಗಿಟ್ಟುಕೊಂಡು ಇಲ್ಲಿ ಪರಿಶೀಲಿಸಿದೆ.

ಪಿಎಲ್‌ಸಿಯ ಕೆಲಸ ಒಂದು ಸುತ್ತು: ಇನ್‌ಪುಟ್‌ಗಳನ್ನೆಲ್ಲ ಓದಿ ಮೆಮೊರಿಯಲ್ಲಿ ಬರೆದುಕೊಳ್ಳುತ್ತದೆ, ಪ್ರೋಗ್ರಾಂ ನಡೆಸುತ್ತದೆ, ಬಂದ ಫಲಿತಾಂಶವನ್ನು ಔಟ್‌ಪುಟ್‌ಗಳಿಗೆ ಕಳಿಸುತ್ತದೆ. ಮತ್ತೆ ಅದೇ ಸುತ್ತು.

ವಿಳಾಸದ ವಿಷಯ ಇಷ್ಟು ಸರಳವಲ್ಲ. ಸೀಮೆನ್ಸ್ ಎಸ್7 ಪದ್ಧತಿಯಲ್ಲಿ ಐ0.3 ಎಂದರೆ ಇನ್‌ಪುಟ್ ವಿಭಾಗದ 0ನೇ ಬೈಟಿನ 3ನೇ ಬಿಟ್. ಬೈಟಿಗೆ ಎಂಟೇ ಬಿಟ್ ಇರುವುದರಿಂದ 0.7ರ ನಂತರ ಬರುವುದು 1.0. ಮೆಮೊರಿ ವಿಭಾಗದ (ಎಂ) ಎಂಡಬ್ಲ್ಯೂ10 ಎಂಬ ವರ್ಡ್ 10 ಮತ್ತು 11ನೇ ಬೈಟುಗಳೆರಡನ್ನೂ ಆಕ್ರಮಿಸುತ್ತದೆ. ಕಾಲುವೆಯ ನೀರಿನ ಮಟ್ಟವನ್ನು ಅಲ್ಲಿಟ್ಟು, ಎಂ11.0 ಅನ್ನು ಪಂಪಿನ ಚಾಲನೆಗೆ ಕೊಟ್ಟರೆ ಅನಾಹುತ ಖಚಿತ. ಎಂ11.0 ಆ ವರ್ಡಿನ ಕಟ್ಟಕಡೆಯ ಬಿಟ್. ಮಟ್ಟದ ಸಂಖ್ಯೆ ಬೆಸವಾದಾಗಲೆಲ್ಲ ಅದು 1 ಆಗುತ್ತದೆ, ಪಂಪಿಗೆ ಸುಳ್ಳು ಆಜ್ಞೆ ಹೋಗುತ್ತದೆ. 4ರಿಂದ 20 ಮಿಲಿಆಂಪಿಯರ್ ಸಂಕೇತ ಎಸ್7ರಲ್ಲಿ 0ರಿಂದ 27648ರವರೆಗಿನ ಸಂಖ್ಯೆಯಾಗುತ್ತದೆ. ನೀರು ಏರಿಳಿದಂತೆ ಸಮ, ಬೆಸ ಎಷ್ಟು ಸಲ ಬದಲಾಗುತ್ತದೆಂದು ಓದುಗರೇ ಊಹಿಸಬಹುದು. ಪ್ರೋಗ್ರಾಮಿನ ಸಾಲುಗಳನ್ನು ಎಷ್ಟು ಸಲ ತಿರುವಿದರೂ ಈ ದೋಷ ಕಾಣದು. ವಿಳಾಸಪಟ್ಟಿಯಲ್ಲಿ ಮಾತ್ರ ಕಾಣುತ್ತದೆ.

ಪ್ರೋಗ್ರಾಮಿನ ರಚನೆಯಲ್ಲಿ ಓಬಿ1 ಮುಖ್ಯ ಬ್ಲಾಕ್. ಅದು ಪಂಪಿನ ಫಂಕ್ಷನ್ ಬ್ಲಾಕನ್ನು ಕರೆಯುತ್ತದೆ. ತರ್ಕ ಎಲ್ಲ ಪಂಪುಗಳಿಗೂ ಒಂದೇ, ಡೇಟಾ ಬ್ಲಾಕ್ ಮಾತ್ರ ಪ್ರತಿ ಪಂಪಿಗೆ ಬೇರೆ. ಅಂತರರಾಷ್ಟ್ರೀಯ ಮಾನಕವಾದ ಐಇಸಿ 61131-3 (1993) ಒಪ್ಪಿಕೊಂಡದ್ದೂ ಇಂಥ ಮರುಬಳಕೆಯ ಬ್ಲಾಕುಗಳನ್ನೇ.

ಕರೆಂಟು ಹೋಗಿ ಬಂದಾಗ ಏನು ಉಳಿಯಬೇಕು ಎಂಬುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಪಂಪು ಓಡಿದ ಗಂಟೆಗಳ ಲೆಕ್ಕ ಉಳಿಯಲೇಬೇಕು. ಚಾಲನೆಯ ಬಿಟ್ ಉಳಿಯಬಾರದು; ಉಳಿದರೆ ಕರೆಂಟು ಬಂದ ಕ್ಷಣವೇ, ಮೇಲಿನ ಹಂತ ಸಿದ್ಧವಿದೆಯೋ ಇಲ್ಲವೋ ನೋಡದೆ, ಕೆಳಗಿನ ಪಂಪು ಹೊರಟುಬಿಡಬಹುದು.

ಆದ್ದರಿಂದ ವಿಳಾಸಪಟ್ಟಿ ಮತ್ತು ಉಳಿಯುವ ಮೆಮೊರಿಯ ಪಟ್ಟಿ ಪ್ರೋಗ್ರಾಮಿನ ಮೊದಲ ಸಾಲಿಗಿಂತ ಮುಂಚೆ ಸಿದ್ಧವಾಗಬೇಕು, ಅವುಗಳ ಕನ್ನಡ ಪ್ರತಿ ಪಂಪ್‌ಹೌಸ್ ಆಪರೇಟರ ಕೈಯಲ್ಲಿರಬೇಕು. ಏತ ನೀರಾವರಿಯ ಟೆಂಡರು ಬರೆಯುವವರು ಇದನ್ನು ಷರತ್ತಾಗಿಯೇ ಸೇರಿಸಬೇಕು.